ಕೂತರೆ ನರಳುವ ಕಾರು

ಸದ್ದು ಮತ್ತೆ ಬಂದಿತ್ತು.

ಬುಧವಾರ ಬೆಳಿಗ್ಗೆ ಎಂಟು ಗಂಟೆ. ಡಾಕ್ಟರಮ್ಮನ ಮನೆಯ ಗೇಟು ದಾಟಿ ಬೀದಿಯ ಮೊದಲ ಹಂಪ್ ಏರುವಾಗ ಮುಂದಿನ ಎಡಚಕ್ರದ ಕಡೆಯಿಂದ — ಕಿರ್ರ್... ಟಕ್. ಇಳಿಯುವಾಗ ಇನ್ನೊಮ್ಮೆ — ಕಿರ್ರ್... ಟಕ್.

ಡ್ರೈವರ್ ಬ್ರೇಕ್ ಒತ್ತಿ ವೇಗ ತಗ್ಗಿಸಿದ. ರಿಪೇರಿಯಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತಿದ್ದ ಡಾಕ್ಟರಮ್ಮ ಓದುತ್ತಿದ್ದ ಪೇಪರನ್ನು ಮಡಿಸಿದರು.

"ನಿಲ್ಸಿ," ಎಂದರು.

ನಿಲ್ಸಿ! ಹತ್ತೊಂಬತ್ತು ವರ್ಷದಿಂದ 'ನಿಲ್ಸಪ್ಪಾ' ಎನ್ನುತ್ತಿದ್ದವರು. 'ಊಟ ಮಾಡಿದ್ಯೇನೋ' ಎಂದು ಏಕವಚನದಲ್ಲೇ ವಿಚಾರಿಸುತ್ತಿದ್ದವರು. ಈ ಬಹುವಚನ ಅವನ ಕೆನ್ನೆಗೆ ಬಾರಿಸಿದ ಹಾಗಾಯಿತು.

ಡಾಕ್ಟರಮ್ಮ ಕೈಚೀಲದಿಂದ ಒಂದು ಕಾಗದ ತೆಗೆದು ಅವನ ತೊಡೆಯ ಮೇಲಿಟ್ಟರು. "ಹೋದ ಸಲ ಗ್ಯಾರೇಜಿನವರು ಕೊಟ್ಟಿದ್ದು. ಇದನ್ನ ನಿಮಗೆ ತೋರಿಸೋ ದಿನ ಬರೋದು ಬೇಡ ಅಂತ ಬಚ್ಚಿಟ್ಟಿದ್ದೆ. ಓದಿ."

ಅವನು ಓದಿದ. 'ಡ್ರೈವರ್ ವಾಹನಕ್ಕೆ ಅತಿಭಾರ ಹೇರಿ ಒರಟಾಗಿ ಓಡಿಸಿದ್ದರಿಂದ ಮುಂಚಕ್ರದ ಬುಶ್ ಹರಿದಿರುತ್ತದೆ.' ಕೆಳಗೆ ಕಾರಿನ ನಂಬರು, ತಾರೀಖು, ಗ್ಯಾರೇಜ್ ಯಜಮಾನನ ಸಹಿ.

"ನನ್ನನ್ನ ಕೂರಿಸ್ಕೊಂಡು ನೀವು ಒರಟಾಗಿ ಓಡಿಸಿದ್ದು ನಾನು ನೋಡಿಲ್ಲ. ಅಂದ್ಮೇಲೆ ನಾನು ಇಲ್ಲದಾಗ ಓಡಿಸ್ತಿದೀರಿ. ಭಾನುವಾರ ನನ್ನ ಕಾರಲ್ಲಿ ಏನು ಸಾಗಿಸ್ತೀರಿ?"

"ಅಮ್ಮಾ... ಭಾನುವಾರ ನಾನು ನಿಮ್ಮ ಗೇಟ್ ಕಡೆಗೇ ಬರಲ್ಲ."

"ಕಾರಿನ ಮೀಟರ್ ಮೂರು ಭಾನುವಾರ ಓಡಿದೆ. ನಾನು ಬರೆದಿಟ್ಟಿದೀನಿ. ಕೀ ವರಾಂಡದ ಮೊಳೆಗೆ ತೂಗಿರುತ್ತೆ ಅಂತ ಗೊತ್ತಿರೋದು ನಿಮಗೆ. ಮತ್ಯಾರು?"

ಮತ್ಯಾರು? ಅವನ ನಾಲಿಗೆ ಏಳಲಿಲ್ಲ. ಕೋಪ ಬಂದಾಗ ಮಾತು ಹೊರಡದವರ ಜಾತಿ ಅವನದು. ಡಾಕ್ಟರಮ್ಮ ಆ ಮೌನವನ್ನು ತಪ್ಪೊಪ್ಪಿಗೆ ಎಂದುಕೊಂಡರು.

"ಇದು ನಮ್ಮ ಯಜಮಾನರು ಕಣ್ಮುಚ್ಚೋವರೆಗೂ ಕೈಯಾರೆ ಒರೆಸಿ ಇಟ್ಟಿದ್ದ ಕಾರು," ಎಂದರು. "ಶನಿವಾರದವರೆಗೆ ಇರಿ. ಸೋಮವಾರದಿಂದ ಬರಬೇಡಿ."

*

"ನೀನೇನಂದೆ?"

"ಏನೂ ಅನ್ನಲಿಲ್ಲ."

"ಏನೂ ಅನ್ನಲಿಲ್ಲ! ಮೂಳೆ ಡಾಕ್ಟರು ಬಾಯಿಗೂ ಬ್ಯಾಂಡೇಜ್ ಹಾಕಿ ಕಳಿಸಿದ್ರೇನೋ?"

ಕೇಳುತ್ತಿದ್ದವಳು ಡ್ರೈವರನ ಅಕ್ಕ. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು. ಜಡ್ಜ್ ಹೇಳಿದ್ದು, ವಕೀಲರು ಕೂಗಿದ್ದು, ಸಾಕ್ಷಿ ತೊದಲಿದ್ದು ಎಲ್ಲವನ್ನೂ ಬರೆದುಕೊಂಡಳು. ತಾನು ಮಾತ್ರ ಒಂದು ಮಾತೂ ಆಡಲಿಲ್ಲ. ಆಡದೆ ಉಳಿದ ಅಷ್ಟೂ ಮಾತು ನಿವೃತ್ತಿಯಾದ ಮೇಲೆ ಒಟ್ಟಿಗೆ ಹೊರಬರುತ್ತಿದೆ ಎಂದು ಬೀದಿಯವರು ನಗುತ್ತಿದ್ದರು. ಈಗ ಊಟದ ಮೇಜಿನ ಮೇಲೆ ತನ್ನ ಹಳೆಯ ಟೈಪ್‌ರೈಟರನ್ನು ಬಿಚ್ಚಿ ಹಲ್ಲುಜ್ಜುವ ಬ್ರಶ್‌ನಿಂದ ಒಂದೊಂದೇ ಅಕ್ಷರ ಉಜ್ಜುತ್ತಿದ್ದಳು. ಕೈಯೊರೆಸಿಕೊಂಡು ಕಾಗದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

ಒಂದು ಸಲ ಓದಿದಳು. ಎರಡನೇ ಸಲ ಓದಲಿಲ್ಲ, ನೋಡಿದಳು. ಬೆರಳ ತುದಿ ಒದ್ದೆ ಮಾಡಿ ಕಾರಿನ ನಂಬರಿನ ಮೇಲೆ ಎಳೆದಳು. ನೀಲಿ ಶಾಯಿ ಕದಡಿತು. ಮೇಲಿನ ವಾಕ್ಯದ ಮೇಲೆ ಎಳೆದಳು. ಅದು ಕದಲಲಿಲ್ಲ.

"ತಮ್ಮಾ, ಇಲ್ಲಿ ಬಾ. ಈ ವಾಕ್ಯ ನಿನ್ನ ಕಾರು ನೋಡಿ ಬರೆದದ್ದಲ್ಲ."

"ಮತ್ತೆ?"

"ಜೆರಾಕ್ಸ್. ಅದೂ ಪ್ರತಿಯ ಪ್ರತಿ. ಅಕ್ಷರದ ಅಂಚೆಲ್ಲ ಸವೆದಿದೆ ನೋಡು. 'ಡ್ರೈವರ್ ವಾಹನಕ್ಕೆ ಅತಿಭಾರ ಹೇರಿ' ಅನ್ನೋದು ಮೊದಲೇ ಅಚ್ಚಾಗಿ ಕೂತಿದೆ. ನಂಬರ್ ಮತ್ತು ತಾರೀಖಿಗೆ ಮಾತ್ರ ಜಾಗ ಖಾಲಿ." ಅವಳ ಮೂಗಿನ ಹೊಳ್ಳೆ ಅರಳಿತು. "ಗೂಬೆಯನ್ನ ಮೊದಲೇ ತಯಾರು ಮಾಡಿ ಇಟ್ಕೊಂಡಿದಾನೆ. ತಲೆ ಸಿಕ್ಕಿದ ಕೂಡಲೆ ಕೂರಿಸೋದು! ವಿಚಾರಣೆಗೆ ಮುಂಚೆ ತೀರ್ಪು ಟೈಪ್ ಮಾಡಿಸೋ ಜಡ್ಜ್‌ನ ಕೂಡ ನಾನು ನೋಡಿಲ್ಲ. ಇಂಥ ಕಾಗದ ಬೇರೆ ಯಾರಿಗಾದ್ರೂ ಸಿಕ್ಕಿದೆಯಾ?"

ಡ್ರೈವರ್ ಯೋಚಿಸಿದ. "ಸಿಳ್ಳೆಗೆ ಸಿಕ್ಕಿತ್ತು. ಸ್ಕೂಲ್ ವ್ಯಾನ್ ಓಡಿಸ್ತಿದ್ನಲ್ಲ, ಸದಾ ಸಿಳ್ಳೆ ಹಾಕ್ಕೊಂಡು? ನಾಲ್ಕು ತಿಂಗಳಾಯ್ತು ತೆಗೆದುಹಾಕಿ. ಆದ್ರೆ ಅಕ್ಕಾ, ಅವನು ಓಡಿಸೋದೇ ಒರಟು. ಚಹಾದಂಗಡಿ ಹತ್ರ ಎಲ್ರೂ ಹಾಗೇ ಅಂದ್ರು."

"ನೀನು?"

"ನಾನೂ."

ಅಕ್ಕ ಕಾಗದವನ್ನು ಟೈಪ್‌ರೈಟರಿನ ಪಕ್ಕದಲ್ಲಿಟ್ಟಳು.

"ಈ ಬುಶ್ ಅಂದ್ರೇನು?"

"ಚಕ್ರವನ್ನ ಹಿಡ್ಕೊಂಡಿರೋ ಒಂದು ಕಬ್ಬಿಣದ ತೋಳಿರುತ್ತೆ. ಆ ತೋಳು ಕಾರಿನ ಮೈಗೆ ಸೇರೋ ಕಡೆ ಮುಷ್ಟಿ ಗಾತ್ರದ ರಬ್ಬರು. ನಡುವೆ ಬೋಲ್ಟು. ಚಕ್ರ ಮೇಲೆ ಕೆಳಗೆ ಆಡಿದಾಗ ಆ ರಬ್ಬರು ತಿರುಚಿ, ಮತ್ತೆ ಮೊದಲಿನ ಹಾಗೆ ಆಗ್ಬೇಕು."

"ಮೊದಲೆಲ್ಲ ಎಷ್ಟು ದಿನ ಬಾಳ್ತಿತ್ತು?"

"ಐದು ವರ್ಷ. ಒಂದು ಸಲ ಆರು."

"ಈಗ?"

"ಎಂಟು ತಿಂಗಳಲ್ಲಿ ಮೂರು ಜೊತೆ ಹೋಯ್ತು."

"ರಸ್ತೆ ಬದಲಾಯ್ತಾ? ಅಂಗಡಿ? ಹಾಕೋ ಮೆಕ್ಯಾನಿಕ್?"

"ಯಾವುದೂ ಇಲ್ಲ. ಅದೇ ರಸ್ತೆ. ಅದೇ ಕಂಪನಿ ರಬ್ಬರು, ನಾನೇ ಪೊಟ್ಟಣ ಒಡೆದು ಕೊಡ್ತೀನಿ. ಹಾಕೋದು ಪಾತಾಳಣ್ಣ. ಮೂವತ್ತು ವರ್ಷದ ಕೈ."

"ಹಾಗಾದ್ರೆ ಎಂಟು ತಿಂಗಳ ಹಿಂದೆ ಏನೋ ಒಂದು ಬದಲಾಗಿದೆ," ಎಂದಳು ಅಕ್ಕ. "ಅದು ಏನು ಅಂತ ಗೊತ್ತಾದ್ರೆ, ಯಾರು ಅಂತಾನೂ ಗೊತ್ತಾಗುತ್ತೆ."

*

ಗುರುವಾರ ಬೆಳಿಗ್ಗೆ ಅಕ್ಕ ಶಾರ್ಟ್‌ಹ್ಯಾಂಡ್ ಪುಸ್ತಕ ಹಿಡಿದು ಡಾಕ್ಟರಮ್ಮನ ಗೇಟಿನಲ್ಲಿ ನಿಂತಿದ್ದಳು. ಡ್ರೈವರ್ ಕಾರು ಒರೆಸುತ್ತಾ ಭೂಮಿ ಬಾಯ್ಬಿಡಬಾರದೇ ಎಂದುಕೊಂಡ.

"ತಮ್ಮನ ಪರ ಮಾತಾಡೋಕೆ ಬಂದ್ರಾ?" ಡಾಕ್ಟರಮ್ಮ ಕೇಳಿದರು.

"ಇಲ್ಲ, ಕೇಳಿಸ್ಕೊಳ್ಳೋಕೆ. ಆಸ್ಪತ್ರೆವರೆಗೆ ಹಿಂದಿನ ಸೀಟಲ್ಲಿ ಕೂರ್ತೀನಿ. ಬಾಯಿ ತೆಗೆಯಲ್ಲ."

ಡಾಕ್ಟರಮ್ಮ ಹುಬ್ಬೇರಿಸಿದರು, ಆದರೆ ಬೇಡ ಎನ್ನಲಿಲ್ಲ. ಅಕ್ಕ ಹಿಂದೆ ಕೂತಳು. ಡ್ರೈವರ್ ಕೀ ಹಿಡಿದು ಇನ್ನೂ ಹೊರಗೇ ನಿಂತಿದ್ದ. ಡಾಕ್ಟರಮ್ಮ ಮುಂದಿನ ಎಡ ಬಾಗಿಲು ತೆಗೆದು ಕೂತರು.

ಕಿರ್ರ್... ಟಕ್.

ಬಾಯಿ ತೆಗೆಯುವುದಿಲ್ಲ ಎಂದವಳು ಅರ್ಧ ನಿಮಿಷವೂ ತಡೆಯಲಿಲ್ಲ.

"ಡಾಕ್ಟ್ರೇ, ಈಗ ಇದನ್ನ ಯಾರು ಒರಟಾಗಿ ಓಡಿಸಿದ್ರು?"

ಡಾಕ್ಟರಮ್ಮ ಹೊರಗೆ ನಿಂತ ಡ್ರೈವರನ ಕೈಯಲ್ಲಿದ್ದ ಕೀಯನ್ನು ನೋಡಿದರು. ಎಂಜಿನ್ ತಣ್ಣಗಿತ್ತು.

ಆಸ್ಪತ್ರೆಯ ತನಕ ಹನ್ನೊಂದು ಹಂಪ್. ಡ್ರೈವರ್ ಕನ್ನಡಿಯಲ್ಲಿ ಕಂಡ — ಅಕ್ಕ ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳಾಡಿಸುತ್ತಾ, ಆಗಾಗ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದಳು. ಉದ್ದ ಗೆರೆ, ಗಿಡ್ಡ ಕೊಂಕು. ಗುರು, ಲಘು. ಚಿಕ್ಕಂದಿನಲ್ಲಿ ಅಪ್ಪ ಬೆಳಗಿನ ಹೊತ್ತು ಪದ್ಯ ಓದುವಾಗ ಅಕ್ಕತಮ್ಮ ಇಬ್ಬರೂ ಹೀಗೇ ಕಣ್ಣು ಮುಚ್ಚಿ ತೊಡೆ ತಟ್ಟುತ್ತಿದ್ದರು. ಒಂದು ಮಾತ್ರೆ ತಪ್ಪಿದರೂ ಅಪ್ಪ ಕಿವಿ ಹಿಂಡುತ್ತಿದ್ದರು. ಪದ್ಯ ಮರೆತುಹೋಗಿತ್ತು. ಕಿವಿ ಮರೆತಿರಲಿಲ್ಲ.

ಸಂಜೆ ಅಕ್ಕನೂ ಜೊತೆಗೆ ಕೂತು ಡಾಕ್ಟರಮ್ಮನ ಮನೆಗೆ ಮರಳಿದಾಗ ವರಾಂಡದಲ್ಲಿ ಡಾಕ್ಟರಮ್ಮನ ಅಳಿಯ ನಿಂತಿದ್ದ. ಸದ್ದು ಕೇಳಿದ್ದೇ ನಕ್ಕ. "ಗುಜರಿಗೆ ಹಾಕಿ ಅತ್ತೇ. ಇಪ್ಪತ್ತೆರಡು ವರ್ಷದ ಮುದುಕಪ್ಪನನ್ನ ಇನ್ನೂ ಎಷ್ಟು ದಿನ ಸಾಕ್ತೀರಿ?"

ಅಕ್ಕ ಕಾರಿನಿಂದ ಇಳಿದವಳೇ ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

"ಭಾನುವಾರ ಆ ಮೊಳೆಯಿಂದ ಕೀ ತೆಗೆಯೋರು ನೀವೇ ಅಲ್ವಾ?"

ಅಳಿಯನ ಮುಖ ಬಿಳಿಚಿತು.

"ಕೀ ಅಂದ ಕೂಡಲೆ ಕಣ್ಣು ಮೊಳೆ ಕಡೆ ಹೋಯ್ತಲ್ಲ! ಹೇಳಿ. ಏನು ಹೇರ್ತೀರಿ? ಸಿಮೆಂಟಾ? ಇಟ್ಟಿಗೆಯಾ? ನೀವು ಹೇರಿ ಮುರಿಯೋದು, ನನ್ನ ತಮ್ಮ ತಲೆ ತಗ್ಗಿಸೋದು — ನಾಚಿಕೆ ಆಗಲ್ವಾ?"

"ಅಯ್ಯೋ, ಸ್ವಲ್ಪ ಮೆಲ್ಲಗೆ..." ಅಳಿಯ ಅತ್ತೆಯ ಕಡೆ ನೋಡಿ ಕೈ ಹಿಸುಕಿಕೊಂಡ. "ಏನೂ ಹೇರಲ್ಲ. ನಾನು... ಡ್ರೈವಿಂಗ್ ಕಲೀತಿದೀನಿ."

"ಏನು?"

"ಮೂರು ಭಾನುವಾರ ಮೈದಾನದಲ್ಲಿ ಸುತ್ತಿದೀನಿ, ಮೊದಲನೇ ಗೇರಲ್ಲಿ. ಲೈಸೆನ್ಸ್ ಟೆಸ್ಟಲ್ಲಿ ಎರಡು ಸಲ ಫೇಲು. ಮನೇಲಿ ಲೈಸೆನ್ಸ್ ಇದೆ ಅಂತ ಹೇಳಿಬಿಟ್ಟಿದೀನಿ."

ಡಾಕ್ಟರಮ್ಮ ಹಣೆ ಒತ್ತಿಕೊಂಡರು. "ಮದುವೆಗೆ ಮುಂಚೇನೂ ಹಾಗೇ ಹೇಳಿದ್ರಲ್ಲಪ್ಪಾ!"

"ಸಮತಟ್ಟಾದ ಮೈದಾನ ಅತ್ತೇ. ನಾನೊಬ್ಬನೇ ನಿಧಾನಕ್ಕೆ ಓಡಿಸಿದ್ರೆ ಸದ್ದೇ ಇಲ್ಲ. ಪಕ್ಕದ ಸೀಟಲ್ಲಿ ಯಾರಾದ್ರೂ ಹತ್ತಿ ಇಳಿದ್ರೆ ಮಾತ್ರ ನರಳುತ್ತೆ."

ಅಕ್ಕನ ಕೋಪಕ್ಕೆ ಕೂರಲು ಜಾಗವಿಲ್ಲದಂತಾಯಿತು. "ತಪ್ಪಾಯ್ತು," ಎಂದಳು, ಯಾರೋ ಬಲವಂತವಾಗಿ ಬಾಯಿಂದ ಎಳೆದ ಹಾಗೆ. "ನಾನೂ ನೋಡದೆ ಗೂಬೆ ಕೂರಿಸಿದೆ." ಆಮೇಲೆ ಪುಸ್ತಕ ಬಿಚ್ಚಿ ಅವನ ಕೊನೆಯ ಮಾತನ್ನು ಬರೆದುಕೊಂಡಳು.

ಭಾನುವಾರದ ಓಟ ಬಗೆಹರಿಯಿತು. ಹರಿದ ರಬ್ಬರಿನ ಆರೋಪ ಡ್ರೈವರನ ತಲೆಯ ಮೇಲೆಯೇ ಉಳಿಯಿತು. "ಮೀಟರ್ ವಿಷಯ ಸರಿ," ಎಂದರು ಡಾಕ್ಟರಮ್ಮ, ಅವನ ಮುಖ ನೋಡದೆ. "ಆದ್ರೆ ಮೂರು ಸಲ ಹರಿದದ್ದು ತಾನಾಗೇ ಹರೀತಾ?"

*

ಶುಕ್ರವಾರ ಗ್ಯಾರೇಜು.

ಯಜಮಾನನನ್ನು ಡ್ರೈವರುಗಳೆಲ್ಲ ಬೆನ್ನ ಹಿಂದೆ 'ಇಸ್ತ್ರಿ' ಎನ್ನುತ್ತಿದ್ದರು. ಗ್ರೀಸ್ ನಡುವೆ ಇಡೀ ದಿನ ಇದ್ದರೂ ಅವನ ಬಿಳಿ ಅಂಗಿಯಲ್ಲಿ ಒಂದು ಮಡಿಕೆ ಕೆಡುತ್ತಿರಲಿಲ್ಲ. ಗ್ಯಾರೇಜೂ ಅಂಗಿಯಂತೆಯೇ ಹೊಳೆಯುತ್ತಿತ್ತು: ಸುಣ್ಣ ಬಳಿದ ಗೋಡೆ, ಎರಡು ಕೆಂಪು ಕಂಬದ ಹೊಸ ಲಿಫ್ಟ್. ನೆಲದ ನಡುವೆ ಮಾತ್ರ ಒಂದು ಉದ್ದನೆಯ ಪಟ್ಟಿ ಬೇರೆ ಬಣ್ಣದ್ದು — ತಿಳಿ ಬೂದು ಸಿಮೆಂಟು, ಹಳೆಯ ಗುಂಡಿ ಮುಚ್ಚಿದ ಗುರುತು. ಆ ಗುಂಡಿಯೊಳಗೆ ನಿಂತು, ತಲೆಯ ಮೇಲೆ ಕಾರು ನಿಲ್ಲಿಸಿಕೊಂಡು ಮೂವತ್ತು ವರ್ಷ ಕೆಲಸ ಮಾಡಿದ್ದಕ್ಕೇ ಮೆಕ್ಯಾನಿಕ್‌ಗೆ 'ಪಾತಾಳ' ಎಂಬ ಹೆಸರು. ಈಗಲೂ ಅವನು ಆ ಪಟ್ಟಿಯ ಮೇಲೆ ಕಾಲಿಡುತ್ತಿರಲಿಲ್ಲ, ಸುತ್ತು ಹಾಕಿಕೊಂಡೇ ಓಡಾಡುತ್ತಿದ್ದ.

"ನೋಡಿ, ನೀವೇ ಕಣ್ಣಾರೆ ನೋಡಿ," ಎಂದ ಇಸ್ತ್ರಿ. ಲಿಫ್ಟಿನ ಸ್ವಿಚ್ ಒತ್ತಿದ. ಕಾರು ಮೇಲೆದ್ದು, ನಾಲ್ಕೂ ಚಕ್ರ ಗಾಳಿಯಲ್ಲಿ ಜೋತುಬಿದ್ದವು. ಪಾತಾಳ ಕಬ್ಬಿಣದ ಹಾರೆ ಸಿಕ್ಕಿಸಿ ಎಡಚಕ್ರ ಅಲ್ಲಾಡಿಸಿದ. ಬಲಚಕ್ರ ಅಲ್ಲಾಡಿಸಿದ.

ಸದ್ದಿಲ್ಲ.

"ಬುಶ್?" ಅಕ್ಕ ಕೇಳಿದಳು.

ಪಾತಾಳ ಟಾರ್ಚ್ ಬಿಟ್ಟ. "ಮೇಲ್ನೋಟಕ್ಕೆ ಚೆನ್ನಾಗೇ ಕಾಣುತ್ತಮ್ಮ. ಬಿಚ್ಚಿದಾಗಲೇ ಹರಿದಿರೋದು ಗೊತ್ತಾಗೋದು. ಮೂರು ಸಲವೂ ಹಾಗೇ ಆಯ್ತು."

"ನಮ್ಮ ಕಡೆ ತಪ್ಪಿಲ್ಲ," ಇಸ್ತ್ರಿ ಕೈ ಒದರಿಕೊಂಡ. "ಡ್ರೈವರ್‌ಗಳ ಕಥೆ ನಿಮಗೆ ಗೊತ್ತಿಲ್ಲಮ್ಮ. ಗಾಡಿ ಅವರ ಅಪ್ಪನ ಮನೇದಾ? ರಸ್ತೆ ಹಳ್ಳಕ್ಕೆ ಧಬಾರ್ ಅಂತ ಇಳಿಸ್ತಾರೆ. ಆಮೇಲೆ ಅಕ್ಕನ್ನ ಕರ್ಕೊಂಡು ಬರ್ತಾರೆ."

ಡ್ರೈವರನ ಕಿವಿ ಬಿಸಿಯಾಯಿತು. ಅಕ್ಕ ಪುಸ್ತಕದಲ್ಲಿ ಏನೋ ಬರೆದಳು. "ಸ್ವಲ್ಪ ನಿಧಾನ. 'ಅವರ ಅಪ್ಪನ ಮನೇದಾ' — ಆಯ್ತು, ಮುಂದೆ ಹೇಳಿ."

ಇಸ್ತ್ರಿ ಜೇಬು ತಡಕಿದ. ಫೋನ್ ನೆಪದಲ್ಲಿ ಆಫೀಸಿಗೆ ಹೋದ.

"ಪಾತಾಳಣ್ಣ, ಹಳೇ ಬುಶ್ ಇದೆಯಾ?"

ಪಾತಾಳ ಡಬ್ಬದಿಂದ ಹರಿದ ರಬ್ಬರುಗಳನ್ನು ತೆಗೆದು ಅಂಗೈ ಮೇಲಿಟ್ಟ. ಅಕ್ಕ ಒಂದೊಂದನ್ನೂ ತಿರುಗಿಸಿ ನೋಡಿದಳು. ಸೀಳುಗಳೆಲ್ಲ ಓರೆಯಾಗಿ, ಒಂದೇ ಕಡೆಗೆ, ಸುರುಳಿಯಂತೆ ಹೋಗಿದ್ದವು.

"ಜಜ್ಜಿದ ಹಾಗಿಲ್ಲ, ಅಲ್ವಾ? ಒದ್ದೆ ಬಟ್ಟೆ ಹಿಂಡಿದ ಹಾಗಿದೆ."

"ಹೌದಮ್ಮ... ನಾನೂ ಅಂದ್ಕೊಂಡೆ."

"ಹೊಸದು ಹಾಕಿದ ಮೇಲೆ ಬೋಲ್ಟ್ ಯಾವಾಗ ಬಿಗೀತೀರಿ?"

"ಆಗಲೇ! ನಮ್ಮ ಗುರುಗಳು ಕಲಿಸಿದ್ದೇ ಹಾಗೆ. ಕೂರಿಸಿದ ಬೋಲ್ಟನ್ನ ಪೂರ್ತಿ ಬಿಗಿಯದೆ ಕೈ ತೆಗೀಬಾರದು. ಮೂವತ್ತು ವರ್ಷದಲ್ಲಿ ಒಂದು ಸಲವೂ ತೆಗೆದಿಲ್ಲ." ಅವನ ದನಿಯಲ್ಲಿ ಹೆಮ್ಮೆಯಿತ್ತು.

ಅಕ್ಕ ತಲೆಯಾಡಿಸಿದಳು. ಲಿಫ್ಟಿನ ಕಂಬಕ್ಕೆ ತೂಗುಹಾಕಿದ್ದ ಬೋರ್ಡಿನ ಮುಂದೆ ನಿಂತಳು. 'ಗಾಡಿ ಒಂದೇ ಸಲ ಏರಬೇಕು. ಕೆಲಸ ಮುಗಿಸಿಯೇ ಇಳಿಯಬೇಕು — ಯಜಮಾನರು.' ಬೋರ್ಡಿನ ಕೆಳ ಅಂಚಿನಲ್ಲಿ ಹಳದಿ ಕಾಗದದ ಒಂದು ಮೂಲೆ ಇಣುಕುತ್ತಿತ್ತು. ಅಕ್ಕ ಬೋರ್ಡನ್ನು ತುಸು ಎತ್ತಿ, ಬಗ್ಗಿ ಅದನ್ನು ನೋಡಿದಳು.

"ಲಿಫ್ಟ್ ಯಾವಾಗ ಬಂತು?"

"ಎಂಟು, ಒಂಬತ್ತು ತಿಂಗಳಾಯ್ತು."

ಅಕ್ಕ ಪುಸ್ತಕ ಮುಚ್ಚಿದಳು. ಮನೆಯ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ತಮ್ಮನಿಗೆ ಗೊತ್ತಿತ್ತು.

*

ಶನಿವಾರ ಹನ್ನೊಂದು ಗಂಟೆಗೆ ಅಕ್ಕ ಎಲ್ಲರನ್ನೂ ಗ್ಯಾರೇಜಿನಲ್ಲಿ ಸೇರಿಸಿದ್ದಳು. ಡಾಕ್ಟರಮ್ಮ ಕುರ್ಚಿಯಲ್ಲಿ. ಅಳಿಯ ಅವರ ಹಿಂದೆ. ಪಾತಾಳ ಕೈಯಲ್ಲಿ ಸ್ಪ್ಯಾನರ್ ಹಿಡಿದು. ಇಸ್ತ್ರಿ ಗಡಿಯಾರ ನೋಡುತ್ತಾ. ಡ್ರೈವರ್ ಬಾಗಿಲ ಬಳಿ, ಅದು ತನ್ನ ಕೊನೆಯ ದಿನ ಎಂಬ ಅರಿವಿನಲ್ಲಿ, ಕಾರಿನ ಕೀಯನ್ನು ಅಂಗೈಯಲ್ಲಿ ಒತ್ತಿ ಹಿಡಿದು.

"ಲಿಫ್ಟ್ ಹತ್ಸಪ್ಪಾ," ಎಂದ ಇಸ್ತ್ರಿ.

"ಬೇಡ," ಎಂದಳು ಅಕ್ಕ. "ಇವತ್ತು ಹತ್ಸೋದು ಬೇಡ. ನಾಲ್ಕು ದಪ್ಪ ಹಲಗೆ ಹಾಕಿ, ಚಕ್ರ ಅದರ ಮೇಲೆ ನಿಲ್ಲಲಿ. ಕಾರಿನ ಭಾರ ಚಕ್ರದ ಮೇಲೇ ಇರ್ಬೇಕು. ಪಾತಾಳಣ್ಣ, ಕೆಳಗೆ ನುಸುಳಿ."

ಪಾತಾಳ ಮಲಗಿ ನುಸುಳಿದ. ಟಾರ್ಚಿನ ಬೆಳಕು ಆಡಿತು. ನಿಂತಿತು.

"ಅಯ್ಯೋ!" ಕೆಳಗಿನಿಂದ ದನಿ. "ಬಾಯಿ ಬಿಟ್ಕೊಂಡಿದೆ! ಎಡಗಡೆ ಬುಶ್ಶು — ಬೆರಳು ತೂರೋಷ್ಟು ಸೀಳು!"

"ನಿನ್ನೆ ಕಾಣ್ಲಿಲ್ವಲ್ಲ?"

"ನಿನ್ನೆ... ನಿನ್ನೆ ಮುಚ್ಕೊಂಡಿತ್ತು."

ಅಕ್ಕ ಡಾಕ್ಟರಮ್ಮನ ಕಡೆ ತಿರುಗಿದಳು. "ಡಾಕ್ಟ್ರೇ, ನಿಂತ್ರೆ ಮೊಣಕಾಲು ನೋಯುತ್ತೆ ಅಂತ ಬಂದವರನ್ನ ಬರೀ ಮಲಗಿಸಿ ನೋಡಿ ಕಳಿಸ್ತೀರಾ?"

"ಇಲ್ಲ. ನಿಲ್ಲಿಸಿ, ನಡೆಸಿ ನೋಡ್ತೀನಿ. ಭಾರ ಬಿದ್ದಾಗ ತಾನೆ..." ಅವರು ಅಲ್ಲಿಗೇ ತಡೆದರು.

"ಭಾರ ಬಿದ್ದಾಗ ತಾನೆ ಗೊತ್ತಾಗೋದು! ಈ ಕಾರನ್ನ ಮೂರು ಸಲವೂ ನೋಡಿದ್ದು ಮೇಲೆತ್ತಿ, ಕಾಲು ಜೋತು ಬಿಟ್ಟು. ಆಗ ಅದು ನರಳಲ್ಲ. ನೆಲಕ್ಕಿಳಿಸಿ ಯಾರಾದ್ರೂ ಕೂತರೆ ನರಳುತ್ತೆ. ಗುರುವಾರ ಎಂಜಿನ್ ಹಾಕದೇ ನರಳಿತು. ಓಡಿಸದೇ ನರಳೋ ಕಾರಿಗೆ ಓಡಿಸೋನು ಹೇಗೆ ಕಾರಣ ಆಗ್ತಾನೆ? ಇನ್ನೊಂದು — ಹನ್ನೊಂದು ಹಂಪ್‌ಗೂ ಬರ್ಕೊಂಡೆ. ಪ್ರತಿ ಸಲ ಮೊದಲು ಗುರು, ಆಮೇಲೆ ಲಘು. ಮೊದಲು ನರಳಾಟ, ಆಮೇಲೆ ಏಟು. ರಬ್ಬರು ಮೊದಲು ಹಿಂಡ್ಕೊಳ್ಳುತ್ತೆ, ಹರಿದ ಕಡೆ ಕಬ್ಬಿಣಕ್ಕೆ ಕಬ್ಬಿಣ ಆಮೇಲೆ ಬಡಿಯುತ್ತೆ. ಇದನ್ನ ಹಳ್ಳ ಜಜ್ಜಿಲ್ಲ. ಯಾರೋ ಹಿಂಡಿಟ್ಟಿದಾರೆ."

"ಯಾರು?" ಡಾಕ್ಟರಮ್ಮ ಕೇಳಿದರು.

ಅಕ್ಕ ನಡೆದು ಹೋಗಿ ನೆಲದ ಆ ಬೂದು ಪಟ್ಟಿಯ ಮೇಲೆ ನಿಂತಳು.

"ಎಂಟು ತಿಂಗಳ ಹಿಂದೆ ಬದಲಾಗಿದ್ದು ಇದು. ಇಲ್ಲಿಗೆ ಬರೋರೆಲ್ಲ ನೋಡ್ತಾರೆ, ತುಳ್ಕೊಂಡು ಓಡಾಡ್ತಾರೆ. ಪಾತಾಳಣ್ಣ ಒಬ್ರೇ ತುಳಿಯಲ್ಲ. ಇಲ್ಲಿ ಗುಂಡಿ ಇದ್ದಾಗ ಕಾರು ಅದರ ಮೇಲೆ ತನ್ನ ನಾಲ್ಕು ಕಾಲಲ್ಲೇ ನಿಂತಿರ್ತಿತ್ತು. ಇವರು ಕೆಳಗಿಂದ ಬುಶ್ ಹಾಕಿ, ಆಗಲೇ ಬಿಗೀತಿದ್ರು. ಕಾರು ನಿಂತ ಭಂಗಿಯಲ್ಲೇ ರಬ್ಬರು ಬಿಗಿ ಆಗ್ತಿತ್ತು, ಐದು ವರ್ಷ ಬಾಳ್ತಿತ್ತು. ಗುಂಡಿ ಮುಚ್ಚಿ ಲಿಫ್ಟ್ ಬಂತು. ಕೈ ಅದೇ, ಪದ್ಧತಿ ಅದೇ — ಹಾಕಿದ ಕೂಡಲೆ ಬಿಗೀಬೇಕು. ಆದ್ರೆ ಈಗ ಚಕ್ರ ಜೋತುಬಿದ್ದಿರುತ್ತೆ! ಜೋತುಬಿದ್ದ ಭಂಗಿಯಲ್ಲಿ ರಬ್ಬರು ಬಿಗಿ ಆಗುತ್ತೆ. ಕೆಳಗಿಳಿಸಿದ ಕ್ಷಣಕ್ಕೇ ತಿರುಚ್ಕೊಳ್ಳುತ್ತೆ. ಹಗಲು ರಾತ್ರಿ ಹಿಂಡಿದ ಬಟ್ಟೆ ಥರ ನಿಂತಿರುತ್ತೆ. ಎರಡು ತಿಂಗಳಲ್ಲಿ ಹರಿಯದೆ ಇನ್ನೇನಾಗುತ್ತೆ?"

ಕಾರಿನ ಕೆಳಗೆ ಪಾತಾಳ ಉಸಿರಾಡುವುದು ಕೇಳುತ್ತಿತ್ತು.

"ಕಥೆ," ಎಂದ ಇಸ್ತ್ರಿ. "ಚೆನ್ನಾಗಿದೆ. ಪುರಾವೆ?"

"ಬಲಗಡೆ ಬುಶ್ ಇನ್ನೂ ಹರಿದಿಲ್ಲ. ಪಾತಾಳಣ್ಣ, ಅದರ ಬೋಲ್ಟ್ ಸಡಿಲ ಮಾಡಿ. ತೆಗೀಬೇಡಿ, ಸಡಿಲ ಮಾತ್ರ. ಕೈ ಜೋಪಾನ. ನನ್ನ ಮಾತು ಸುಳ್ಳಾದ್ರೆ ಏನೂ ಆಗಲ್ಲ."

ಸ್ಪ್ಯಾನರ್ ಕಚ್ಚಿಕೊಂಡಿತು. ಒಂದು ಎಳೆತ. ಎರಡು.

ಢಬ್!

ಇಡೀ ಕಾರು ಬೆಚ್ಚಿಬಿದ್ದು ಬಲಗಡೆಗೆ ಕೂದಲೆಳೆಯಷ್ಟು ಕುಸಿದು ನಿಂತಿತು, ತಿಂಗಳುಗಟ್ಟಲೆ ಬಿಗಿಹಿಡಿದ ಉಸಿರು ಬಿಟ್ಟ ಹಾಗೆ. ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು.

ಪಾತಾಳ ಹೊರಗೆ ಬಂದ. ಮುಖದ ತುಂಬ ಮಸಿ, ಕಣ್ಣಲ್ಲಿ ನೀರು. "ನನ್ನ ಕೈಯೇ ಮಾಡಿದ್ದಾ ತಾಯೀ? ಈ ಕೈಯಾ?"

"ಕೈ ನಿಮ್ಮದು. ತಪ್ಪು ನಿಮ್ಮದಲ್ಲ. ಗುಂಡಿಯಲ್ಲಿ ನಿಂತವರಿಗೆ ಇದು ಗೊತ್ತಿರೋ ಅಗತ್ಯವೇ ಇರ್ಲಿಲ್ಲ. ಗೊತ್ತಿದ್ದವರು ಒಬ್ರಿದ್ರು." ಅಕ್ಕ ಕಂಬದ ಬಳಿ ಹೋಗಿ ಬೋರ್ಡನ್ನು ಮೇಲೆತ್ತಿದಳು. ಹಳದಿ ಹಾಳೆ. ಅದರಲ್ಲಿ ಚಿತ್ರ: ನೆಲದ ಮೇಲೆ ನಿಂತ ಕಾರು, ತೋಳಿನ ಬೋಲ್ಟ್, ಸ್ಪ್ಯಾನರ್, ಕೆಳಗೆ ದಪ್ಪಕ್ಷರದಲ್ಲಿ — 'ಚಕ್ರ ನೆಲ ಮುಟ್ಟಿದ ಮೇಲಷ್ಟೇ ಬಿಗಿಯಿರಿ.'

"ಲಿಫ್ಟ್ ಕೂರಿಸ್ದವರು ಅಂಟಿಸಿದ್ದು. ಅದರ ಮೇಲೇ ನಿಮ್ಮ ಅಪ್ಪಣೆ ತೂಗುಹಾಕಿದೀರಿ — ಒಂದೇ ಸಲ ಏರಬೇಕು, ಮುಗಿಸಿಯೇ ಇಳೀಬೇಕು. ಇಳಿಸಿ ಬಿಗಿಯೋಕೆ ಇಪ್ಪತ್ತು ನಿಮಿಷ ಹೆಚ್ಚು ಬೇಕು, ಅಲ್ವಾ?"

"ನಾನು... ಅದು ಕಂಬ ಚೆಂದ ಕಾಣ್ಲಿ ಅಂತ..."

"ಮೊದಲನೇ ಗಾಡಿ ವಾಪಸ್ ಬಂದಾಗ ಅದು ಮರೆವು ಅಂತ ಒಪ್ತೀನಿ. ಎರಡನೇದಕ್ಕೆ ಸೋಮಾರಿತನ ಅನ್ನೋಣ. ಆದ್ರೆ 'ಡ್ರೈವರ್ ಒರಟು' ಅಂತ ಕಟ್ಟುಗಟ್ಟಲೆ ಕಾಗದ ಜೆರಾಕ್ಸ್ ಮಾಡಿಸಿದ್ರಲ್ಲ, ಆ ದಿನ ನೀವು ಮಾಡಿದ್ದು ಮರೆವೂ ಅಲ್ಲ, ಸೋಮಾರಿತನವೂ ಅಲ್ಲ!" ಅಕ್ಕನ ದನಿ ಗ್ಯಾರೇಜಿನ ತಗಡಿಗೆ ತಾಗಿ ತಿರುಗಿ ಬಂತು. "ಬಾಯಿಲ್ಲದವರನ್ನೇ ನೋಡಿ ಆರಿಸ್ಕೊಂಡ್ರಿ. ಎಷ್ಟು ಜನಕ್ಕೆ ಕೊಟ್ಟಿದೀರಿ? ಆ ಕಾಗದಗಳ ನಕಲು ಇಟ್ಟಿರೋ ಪುಸ್ತಕ ತನ್ನಿ."

ಇಸ್ತ್ರಿ ಅಲ್ಲಾಡಲಿಲ್ಲ. ಆಫೀಸಿನಿಂದ ಪುಸ್ತಕ ತಂದವನು ಪಾತಾಳ. ನಕಲು ಹಾಳೆಗಳನ್ನು ಡಾಕ್ಟರಮ್ಮ ಒಂದೊಂದಾಗಿ ತಿರುವಿದರು. ಒಂಬತ್ತು ಗಾಡಿ. ಒಂದೇ ವಾಕ್ಯ. ನಾಲ್ಕನೆಯದರಲ್ಲಿ ಸ್ಕೂಲ್ ವ್ಯಾನಿನ ನಂಬರು.

ಡ್ರೈವರ್ ಅದನ್ನು ಕಂಡ. ಹಾಳೆಯ ಮೇಲೆ ಬೆರಳಿಟ್ಟು ಆ ನಂಬರನ್ನು ಇನ್ನೊಮ್ಮೆ ಓದಿದ.

ಅಕ್ಕ ಸ್ಟೂಲ್ ಎಳೆದು ಕೂತಳು. ಪುಸ್ತಕ ಬಿಚ್ಚಿದಳು, ಪೆನ್ಸಿಲ್ ಎತ್ತಿದಳು. "ಮೂವತ್ತೊಂದು ವರ್ಷ ಬೇರೆಯವರು ಹೇಳಿದ್ದು ಬರ್ಕೊಂಡೆ. ಇವತ್ತು ನೀವು ಹೇಳಿ. 'ಬುಶ್ ಹರಿದದ್ದು ನಮ್ಮ ಕೆಲಸದ ತಪ್ಪಿನಿಂದ, ಡ್ರೈವರ್ ನಿರಪರಾಧಿ.' ನಿಮ್ಮ ಬಾಯಿಂದಲೇ ಬರಲಿ. ಒಂಬತ್ತು ಪ್ರತಿ, ಒಂದೊಂದನ್ನೂ ಬೇರೆ ಬೇರೆ ಟೈಪ್ ಮಾಡ್ತೀನಿ. ಜೆರಾಕ್ಸ್ ಇಲ್ಲ."

"ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ," ಎಂದರು ಡಾಕ್ಟರಮ್ಮ ತಣ್ಣಗೆ, "ಆ ಹಳದಿ ಹಾಳೆ ಇವತ್ತೇ ಈ ಒಂಬತ್ತು ಮನೆಗೂ ತಲುಪುತ್ತೆ. ನಾನೇ ತಲುಪಿಸ್ತೀನಿ."

ಇಸ್ತ್ರಿಯ ಅಂಗಿಯ ಬೆನ್ನು ಬೆವರಿನಿಂದ ಮುದುಡಿತ್ತು. ಅವನು ಹೇಳತೊಡಗಿದ. ಅಕ್ಕ ಬರೆದುಕೊಂಡಳು, ಒಮ್ಮೆ ಮಾತ್ರ ತಲೆಯೆತ್ತದೆ ಹೇಳಿದಳು, "ಸ್ವಲ್ಪ ಗಟ್ಟಿಯಾಗಿ. 'ನಿರಪರಾಧಿ' ಕೇಳಿಸಲಿಲ್ಲ."

*

ಪಾತಾಳ ಹೊಸ ಬುಶ್ ಹಾಕಿದ. ಕಾರನ್ನು ಇಳಿಸಿ, ಚಕ್ರಗಳ ಮೇಲೆ ನಿಲ್ಲಿಸಿ, ಆಮೇಲೆ ಬಿಗಿದ. ಡಾಕ್ಟರಮ್ಮ ಬಾಗಿಲು ತೆಗೆದು ಮೆಲ್ಲಗೆ ಕೂತರು. ಎಲ್ಲರೂ ಉಸಿರು ಹಿಡಿದರು.

ಏನೂ ಇಲ್ಲ.

"ನಿನ್ನ ಮೇಲೆ ಅನುಮಾನ ಪಟ್ಟೆನಲ್ಲಪ್ಪಾ," ಎಂದರು. ಏಕವಚನ ಮರಳಿತ್ತು.

'ಪರವಾಗಿಲ್ಲ ಅಮ್ಮ' ಎಂಬ ಮಾತು ಅಭ್ಯಾಸದಂತೆ ಅವನ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿದ.

"ಹೌದಮ್ಮ. ಪಟ್ರಿ. ಒಂದು ಮಾತು ಕೇಳಬಹುದಿತ್ತು."

ಡಾಕ್ಟರಮ್ಮ ತಲೆ ತಗ್ಗಿಸಿದರು. "ಕೇಳಬಹುದಿತ್ತು." ಕೈಚೀಲವನ್ನು ತೊಡೆಗೆ ಎಳೆದುಕೊಂಡು, "ಸೋಮವಾರ ಬರ್ತೀಯಾ?"

"ಬರ್ತೀನಿ. ಅದಕ್ಕೆ ಮುಂಚೆ ಈಗ ಒಂದು ಕಡೆ ಹೋಗಿಬರ್ಬೇಕು. ಕಾರು ಬೇಕು."

ಅವರು ಇಳಿದು, ಬಾಗಿಲು ಹಾಕಿ, ದಾರಿ ಬಿಟ್ಟರು.

ಅಕ್ಕ ಮನೆಗೆ ಹೋಗಿ ಟೈಪ್ ಮಾಡಿ ತಂದಿದ್ದ ಮೊದಲ ಪ್ರತಿಯಲ್ಲಿ ಇಸ್ತ್ರಿಯ ಸಹಿಯ ಶಾಯಿ ಇನ್ನೂ ಹಸಿಯಾಗಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಡ್ರೈವರ್ ಊರಂಚಿನ ಸಾಲುಮನೆಗಳ ಕಡೆ ಓಡಿಸಿದ. ಏಳು ಹಂಪ್ ದಾಟಿದ. ಕಾರು ತುಟಿ ಬಿಚ್ಚಲಿಲ್ಲ. ಅಷ್ಟು ನಿಶ್ಶಬ್ದದಲ್ಲಿ ತಾನು ಚಹಾದಂಗಡಿಯಲ್ಲಿ ಆಡಿದ್ದ ಮಾತು ಮಾತ್ರ ಕಿವಿಯಲ್ಲಿ ಮತ್ತೆ ಮತ್ತೆ ಕೇಳುತ್ತಿತ್ತು.

ಕೊನೆಯ ಮನೆ. ಬಾಗಿಲು ತಟ್ಟಿದ. ಒಳಗಿನಿಂದ ಬಂದವನು ಕೃಶವಾಗಿದ್ದ. ಸಿಳ್ಳೆಯ ತುಟಿಗಳಲ್ಲಿ ಸಿಳ್ಳೆಯಿರಲಿಲ್ಲ.

"ಏನು ಬಂದೆ?" ಎಂದ, ಬಾಗಿಲು ಅರ್ಧವೇ ತೆರೆದು.

ಡ್ರೈವರ್ ಕಾಗದ ಚಾಚಿದ. ಸಿಳ್ಳೆ ಅದನ್ನು ಹೊಸ್ತಿಲ ಮೇಲೆ ನಿಂತು ಓದಿದ. ಮೊದಲಿನಿಂದ ಮತ್ತೊಮ್ಮೆ ಓದಿದ.

"ಇದು ಗ್ಯಾರೇಜಿನವನದು," ಎಂದ ಡ್ರೈವರ್. "ನನ್ನದೂ ಒಂದು ಇದೆ. ಅದನ್ನ ಬಾಯಲ್ಲೇ ಹೇಳ್ಬೇಕು ಅಂತ ಬಂದೆ. ಅವತ್ತು ನಾನೂ ನಿನ್ನನ್ನ ಒರಟ ಅಂದಿದ್ದೆ ಕಣೋ. ನಿನ್ನ ವ್ಯಾನಲ್ಲಿ ಒಂದು ದಿನವೂ ಕೂತು ನೋಡದೆ ಅಂದಿದ್ದೆ."

ಸಿಳ್ಳೆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. ಆಮೇಲೆ ಬಾಗಿಲನ್ನು ಪೂರ್ತಿ ತೆರೆದ.